ಭೌತಶಾಸ್ತ್ರದ ಪ್ರಶ್ನೆಗಳು: ಅಂದು, ಇಂದು

ಕಳೆದ ಬೇಸಗೆಯ ಒಂದು ಸಾಯಂಕಾಲ, ಹತ್ತನೆಯ ತರಗತಿಯನ್ನು ಮುಗಿಸಿದ ನಮ್ಮ ಶಾಲೆಯ ವಿದ್ಯಾರ್ಥಿಯೊಬ್ಬನು ದಪ್ಪನೆಯ ಪುಸ್ತಕವೊಂದನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಮನೆಗೆ ಬಂದನು. ಅವನ ಸೋದರಮಾವನ ಮಗನು ವಿಜಯವಾಡದ ವಸತಿ ಕಾಲೇಜೊಂದರಲ್ಲಿ ಓದುತ್ತಿರುವನು. ರಜೆಗೆ ಬಂದಾಗ ಆ ಪುಸ್ತಕವನ್ನು ಇವನಿಗೆ ಕೊಟ್ಟು ಹೋಗಿದ್ದನು. ಅದರಲ್ಲಿ ಪಾಠವೆಂಬುದೇ ಇರಲಿಲ್ಲ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಭೌತಶಾಸ್ತ್ರದ ಪ್ರಶ್ನೆಗಳು. ಪ್ರತಿಯೊಂದು ಪ್ರಶ್ನೆಯ ಕೆಳಗೆ ನಾಲ್ಕು ಉತ್ತರಗಳು. ಕಟ್ಟಕಡೆಗೆ ಸರಿಯುತ್ತರಗಳ ಪಟ್ಟಿ.

"ಸಾರ್, ನಾನೂ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ವಿಜಯವಾಡಕ್ಕೆ ಹೋಗಲೆ? ಇಲ್ಲವೆ ಬಳ್ಳಾರಿಯಲ್ಲಿಯೇ ಪಿ.ಯು.ಸಿ. ಓದಲೆ?" ಎಂದು ಅವನು ಕೇಳಿದನು.

ಉತ್ತರ ಹೇಳುವ ಮೊದಲು ನಾನು ಆ ಪುಸ್ತಕದ ಒಂದು ಪುಟವನ್ನು ತೆರೆದು ಒಂದು ಪ್ರಶ್ನೆಯನ್ನು ತೋರಿಸಿದೆನು. ಒಂದು ಕಲ್ಲನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರವಾಗಿ ಮೇಲಕ್ಕೆ ಎಸೆದರೆ ಅದು ಎಷ್ಟು ಎತ್ತರಕ್ಕೆ ಏರುವುದು? ಹುಡುಗನು ಕಣ್ಣು ಮಿಟುಕಿಸುವಷ್ಟರಲ್ಲಿ "20 ಮೀಟರ್" ಎಂಬ ಉತ್ತರದ ಮೇಲೆ ಬೆರಳಿಟ್ಟನು. ಉತ್ತರ ಸರಿಯಾಗಿತ್ತು.

"ಏಕಪ್ಪ?" ಎಂದೆನು.

"ಸೂತ್ರದಿಂದ ಸಾರ್."

"ಸೂತ್ರ ಸರಿ. ಆ ಕಲ್ಲು ಮೇಲೇರುವಾಗ ಅದಕ್ಕೆ ಏನಾಗುತ್ತದೆ? ಏಕೆ ನಿಲ್ಲುತ್ತದೆ? ಏಕೆ ಹಿಂತಿರುಗುತ್ತದೆ? ನಿನ್ನ ಮಾತಿನಲ್ಲಿ ಹೇಳು."

ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಮೆಲ್ಲನೆ "ಅದನ್ನು ಯಾರೂ ಕೇಳುವುದಿಲ್ಲ ಸಾರ್" ಎಂದನು.

ಅವನು ದಡ್ಡನಲ್ಲ. ವಿಜ್ಞಾನದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಅಂಕ ಪಡೆದವನು. ಅವನು ಹೇಳಿದುದೂ ಸುಳ್ಳಲ್ಲ. ಆದರೆ ಆ ಮಾತು ಅಂದಿನಿಂದ ನನ್ನ ಮನಸ್ಸಿನಲ್ಲಿ ಉಳಿದುಕೊಂಡಿದೆ. ಪರೀಕ್ಷೆಯು ಯಾವುದನ್ನು ಕೇಳುವುದೋ ಅದನ್ನು ನಾವು ಕಲಿಯುವೆವು. ಯಾವುದನ್ನು ಕೇಳುವುದಿಲ್ಲವೋ ಅದನ್ನು ಬಿಟ್ಟುಬಿಡುವೆವು. ಹಾಗಾದರೆ ನಮ್ಮ ಪರೀಕ್ಷೆಗಳು ಹಿಂದೆ ಏನನ್ನು ಕೇಳುತ್ತಿದ್ದುವು, ಇಂದು ಏನನ್ನು ಕೇಳುತ್ತಿವೆ, ಈ ಬದಲಾವಣೆಯಲ್ಲಿ ನಮಗೆ ಬಂದ ಲಾಭವೇನು, ಆದ ನಷ್ಟವೇನು? ಇದನ್ನು ಕುರಿತು ನಾಲ್ಕು ಮಾತು ಬರೆಯುವುದು ಉಚಿತವೆಂದು ತೋರಿತು.

ಪರೀಕ್ಷೆಯ ಮಟ್ಟಿಗೆ ಬಳ್ಳಾರಿಯವರಾದ ನಮಗೆ ವಿಜಯವಾಡವೂ ವಿಶಾಖಪಟ್ಟಣವೂ ಹೊಸ ನೆಂಟರಲ್ಲ. 1953ರ ಅಕ್ಟೋಬರ್ 1ರವರೆಗೆ ಈ ಮೂರು ಊರುಗಳೂ ಒಂದೇ ಮದರಾಸು ಸರಕಾರದ ಆಡಳಿತದಲ್ಲಿದ್ದುವು. 1857ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆ, ಅನಂತರ ಬಂದ ಎಸ್.ಎಸ್.ಎಲ್.ಸಿ. ಪರೀಕ್ಷೆ ಇವೆಲ್ಲವೂ ಎಲ್ಲರಿಗೂ ಒಂದೇ. ಬಂಗಾಳಕೊಲ್ಲಿಯ ದಡದಲ್ಲಿ ವಿಶಾಖಪಟ್ಟಣದ ಬಾಲಕನೂ, ಕೃಷ್ಣಾನದಿಯ ತೀರದಲ್ಲಿ ಅಂದು ಬೆಜವಾಡವೆನಿಸಿದ್ದ ವಿಜಯವಾಡದ ಬಾಲಕನೂ, ನಮ್ಮ ಕೋಟೆಬೆಟ್ಟದ ನೆರಳಿನಲ್ಲಿ ಬಳ್ಳಾರಿಯ ಬಾಲಕನೂ ಒಂದೇ ಪರೀಕ್ಷೆಗೆ ಕುಳಿತವರು. ಮಂಗಳೂರು, ಕಾಸರಗೋಡು, ಕೊಳ್ಳೇಗಾಲಗಳ ಕನ್ನಡ ಮಕ್ಕಳು 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೂ ಅದೇ ಮದರಾಸಿನ ವ್ಯವಸ್ಥೆಯಲ್ಲಿದ್ದರು.

ಹೀಗೆ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕುಳಿತವರಲ್ಲಿ ಒಬ್ಬನ ಹೆಸರನ್ನು ನೀವೆಲ್ಲರೂ ಬಲ್ಲಿರಿ. ತಿರುಚಿರಾಪಳ್ಳಿಯ ಬಳಿ 1888ರಲ್ಲಿ ಹುಟ್ಟಿದ ಚಂದ್ರಶೇಖರ ವೆಂಕಟರಾಮನ್ ಎಂಬ ಆ ಬಾಲಕನ ತಂದೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ಬಾಲಕನು ಆ ಊರಿನ ಸೇಂಟ್ ಅಲೋಷಿಯಸ್ ಶಾಲೆಯಲ್ಲಿ ಓದಿ ಹನ್ನೊಂದನೆಯ ವಯಸ್ಸಿನಲ್ಲಿಯೇ ಮೆಟ್ರಿಕ್ಯುಲೇಷನ್ ತೇರ್ಗಡೆಯಾದನು. ಮುಂದೆ 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದು, ಬಾಳಿನ ಕೊನೆಯ ಸುಮಾರು ನಾಲ್ಕು ದಶಕಗಳನ್ನು ನಮ್ಮ ಬೆಂಗಳೂರಿನಲ್ಲಿ ಕಳೆದ ಸರ್ ಸಿ. ವಿ. ರಾಮನ್ನರೇ ಅವರು.

ಆ ಕಾಲದ ಭೌತಶಾಸ್ತ್ರದ ಪ್ರಶ್ನೆಗಳ ಸ್ವರೂಪವೇನು? "ಆರ್ಕಿಮಿಡೀಸನ ತತ್ತ್ವವನ್ನು ನಿರೂಪಿಸಿ, ಅದನ್ನು ಪ್ರಯೋಗದಿಂದ ಹೇಗೆ ಸಮರ್ಥಿಸುವೆ ಎಂಬುದನ್ನು ಚಿತ್ರಸಹಿತ ವಿವರಿಸು" ಎಂಬುದು ಅದರ ಮಾದರಿ. ನಿರೂಪಿಸು, ವಿವರಿಸು, ವರ್ಣಿಸು, ಚಿತ್ರ ಬರೆ, ಕೊನೆಗೆ ಒಂದು ಲೆಕ್ಕ ಮಾಡು. ಉತ್ತರವನ್ನು ವಿದ್ಯಾರ್ಥಿಯು ಆದಿಯಿಂದ ಅಂತ್ಯದವರೆಗೆ ತಾನೇ ಕಟ್ಟಬೇಕು. ಉಪಕರಣಗಳಾವುವು, ಮೊದಲು ಮಾಡಬೇಕಾದುದೇನು, ಅನಂತರ ಏನನ್ನು ಅಳೆಯಬೇಕು, ಅದರಿಂದ ಏನು ಸಿದ್ಧವಾಗುವುದು ಎಂಬುದನ್ನು ಕ್ರಮವಾಗಿ ಹೇಳಬೇಕು. ಒಂದು ವಾಕ್ಯ ತಪ್ಪಿದರೆ ಮುಂದಿನದು ನಿಲ್ಲದು. ಭೌತಶಾಸ್ತ್ರವನ್ನು ಬಲ್ಲವನು ಅದನ್ನು ಇನ್ನೊಬ್ಬನಿಗೆ ತಿಳಿಯುವಂತೆ ಹೇಳಬಲ್ಲವನಾಗಿರಬೇಕೆಂಬುದು ಆ ಪ್ರಶ್ನೆಗಳ ಹಿಂದಿದ್ದ ನಂಬಿಕೆ. ಈ ನಂಬಿಕೆ ದೊಡ್ಡದು.

ಆದರೆ ಹಳೆಯದೆಲ್ಲವೂ ಹೊನ್ನೆಂದು ಭ್ರಮಿಸಬಾರದು. ನನ್ನ ಅನುಭವವನ್ನೇ ಹೇಳುವೆನು. ನಾನು ಪ್ರೌಢಶಾಲೆಯಲ್ಲಿದ್ದಾಗ ಫೋರ್ಟಿನನ ವಾಯುಭಾರಮಾಪಕವನ್ನು ಚಿತ್ರಸಹಿತ ವರ್ಣಿಸಿ ಪೂರ್ಣ ಅಂಕಗಳನ್ನು ಗಳಿಸಿದೆನು. ಪಾದರಸವನ್ನು ನಾನು ಅದುವರೆಗೆ ಕಣ್ಣಿನಿಂದ ಕಂಡಿರಲಿಲ್ಲ. ನಾನು ಓದಿದ ಶಾಲೆಯ ಪ್ರಯೋಗಶಾಲೆಯ ಬಾಗಿಲಿಗೆ ವರ್ಷದ ಬಹುಭಾಗ ಬೀಗವಿರುತ್ತಿತ್ತು. ಮುಂದೆ ಕಾಲೇಜಿಗೆ ಹೋದಾಗ ಗೋಡೆಯ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಉದ್ದನೆಯ ಕೊಳವೆಯೊಂದು ತೂಗಾಡುತ್ತಿತ್ತು. ಅದು ಏನೆಂದು ಗೆಳೆಯನನ್ನು ಕೇಳಿದೆನು. ಅದೇ ಫೋರ್ಟಿನನ ವಾಯುಭಾರಮಾಪಕ! ಎರಡು ಪುಟಗಳಷ್ಟು ವರ್ಣಿಸಿದ ವಸ್ತುವು ಎದುರಿಗೆ ಬಂದಾಗ ನನಗೆ ಗುರುತು ಸಿಗಲಿಲ್ಲ. ನಾನು ಕಲಿತುದು ಉಪಕರಣವನ್ನಲ್ಲ, ಪುಸ್ತಕದ ಎರಡು ಪುಟಗಳನ್ನು.

ಇಂತಹ ಗಿಣಿಪಾಠದ ದೋಷ ದೊಡ್ಡವರಿಗೆ ಗೊತ್ತಿರಲಿಲ್ಲವೆಂದಲ್ಲ. 1902ರ ಭಾರತೀಯ ವಿಶ್ವವಿದ್ಯಾನಿಲಯಗಳ ಆಯೋಗವೇ, ನಮ್ಮಲ್ಲಿ ಪರೀಕ್ಷೆಯು ಬೋಧನೆಯನ್ನು ಹಿಂಬಾಲಿಸುವ ಬದಲು ಬೋಧನೆಯು ಪರೀಕ್ಷೆಯನ್ನು ಹಿಂಬಾಲಿಸುತ್ತಿದೆಯೆಂದು ಮರುಗಿತು. ಆ ಮಾತಿಗೆ ಈಗ ಒಂದು ಶತಮಾನಕ್ಕಿಂತ ಹೆಚ್ಚು ವಯಸ್ಸಾಗಿದೆ.

ಮೇಲೆ ಹೇಳಿದ ಕಲ್ಲಿನ ಲೆಕ್ಕವನ್ನೇ ತೆಗೆದುಕೊಂಡು ಕಾಲದ ಪ್ರವಾಹದಲ್ಲಿ ಅದು ಉಟ್ಟು ಬಿಟ್ಟ ಉಡುಪುಗಳನ್ನು ನೋಡೋಣ. ಈ ಪ್ರಶ್ನೆಗಳು ನಾನೇ ರಚಿಸಿದ ಮಾದರಿಗಳು, ಯಾವ ಪತ್ರಿಕೆಯಿಂದಲೂ ಎತ್ತಿದುವಲ್ಲ.

ಆಂಗ್ಲರ ಕಾಲದ ಉಡುಪು: ಒಂದು ಕಲ್ಲನ್ನು ಸೆಕೆಂಡಿಗೆ 64 ಅಡಿ ವೇಗದಲ್ಲಿ ಮೇಲಕ್ಕೆ ಎಸೆದರೆ ಎಷ್ಟು ಎತ್ತರ ಏರುವುದು? ಗುರುತ್ವದ ವೇಗೋತ್ಕರ್ಷವನ್ನು 32 ಎಂದು ಹಿಡಿಯಬೇಕು. ಉತ್ತರ: 64 ಅಡಿ.

ಎರಡನೆಯ ಉಡುಪು: ಅದೇ ಕಲ್ಲು, ಸೆಕೆಂಡಿಗೆ 1,960 ಸೆಂಟಿಮೀಟರ್ ವೇಗ, ವೇಗೋತ್ಕರ್ಷ 980. ಉತ್ತರ: 1,960 ಸೆಂಟಿಮೀಟರ್.

ಮೂರನೆಯ ಉಡುಪು: ಸೆಕೆಂಡಿಗೆ 19.6 ಮೀಟರ್ ವೇಗ, ವೇಗೋತ್ಕರ್ಷ 9.8. ಉತ್ತರ: 19.6 ಮೀಟರ್.

ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಗಳ ಕಾಯಿದೆ ಬಂದುದು 1956ರಲ್ಲಿ. 1958ರ ಅಕ್ಟೋಬರಿನಿಂದ ಅದು ಹಂತಹಂತವಾಗಿ ಆಚರಣೆಗೆ ಬಂದಿತು. ಅಂತರರಾಷ್ಟ್ರೀಯ ಏಕಮಾನ ಪದ್ಧತಿಯು 1960ರಲ್ಲಿ ನಾಮಕರಣಗೊಂಡಿತು. ಅಡಿ, ಪೌಂಡು, ಫ್ಯಾರನ್‌ಹೀಟುಗಳು ಹೋಗಿ ಮೀಟರು, ಕಿಲೋಗ್ರಾಮು, ಜೂಲುಗಳು ಬಂದುವು. ಮೂರು ಉಡುಪುಗಳಲ್ಲಿಯೂ ಕಲ್ಲು ಎರಡೇ ಸೆಕೆಂಡು ಏರಿ ನಿಲ್ಲುವುದೆಂಬುದನ್ನು ಗಮನಿಸಿರಿ. ವೇಗವು ಪ್ರತಿ ಸೆಕೆಂಡಿಗೂ ಒಂದೇ ಪ್ರಮಾಣದಲ್ಲಿ ಕುಗ್ಗಿ, ಎರಡು ಸೆಕೆಂಡುಗಳಲ್ಲಿ ಶೂನ್ಯವಾಗುವುದು. ಸರಾಸರಿ ವೇಗವು ಮೊದಲಿನ ವೇಗದ ಅರ್ಧ. ಅರ್ಧವನ್ನು ಎರಡರಿಂದ ಗುಣಿಸಿದರೆ ಮೊದಲಿನ ಸಂಖ್ಯೆಯೇ ಬಂದಿತು. ಇಷ್ಟನ್ನು ಬಲ್ಲವನಿಗೆ ಯಾವ ಸೂತ್ರವೂ ಬೇಡ.

ಇನ್ನು ನಾಲ್ಕನೆಯ ಉಡುಪು. ವೇಗ 20 ಮೀಟರ್, ವೇಗೋತ್ಕರ್ಷ 10. ಉತ್ತರ: (ಅ) 10 ಮೀಟರ್ (ಆ) 20 ಮೀಟರ್ (ಇ) 40 ಮೀಟರ್ (ಈ) 200 ಮೀಟರ್. ಮೊದಲ ಮೂರು ಉಡುಪುಗಳಲ್ಲಿ ಬದಲಾದುದು ಅಳತೆ ಮಾತ್ರ. ನಾಲ್ಕನೆಯದರಲ್ಲಿ ಪ್ರಶ್ನೆಯ ಮೈಯೇ ಬದಲಾಯಿತು. ಹಿಂದೆ ವಿದ್ಯಾರ್ಥಿಯು ಹೆಜ್ಜೆಹೆಜ್ಜೆಯಾಗಿ ಲೆಕ್ಕವನ್ನು ಬರೆಯುತ್ತಿದ್ದನು. ಕೊನೆಯ ಭಾಗಾಕಾರದಲ್ಲಿ ಎಡವಿದರೂ ನಡೆದಷ್ಟು ದಾರಿಗೆ ಅಂಕ ಸಿಕ್ಕುತ್ತಿತ್ತು. ಈಗ ದಾರಿಗೆ ಅಂಕವಿಲ್ಲ, ಊರು ಸೇರಿದುದಕ್ಕೆ ಮಾತ್ರ ಅಂಕ. ಯಾವ ದಾರಿಯಿಂದ ಬಂದೆ, ನಡೆದು ಬಂದೆಯೋ ಕಣ್ಣು ಮುಚ್ಚಿ ಹಾರಿ ಬಂದೆಯೋ ಎಂದು ಕೇಳುವವರಿಲ್ಲ.

ಈ ನಾಲ್ಕನೆಯ ಉಡುಪು ಬಂದುದಾದರೂ ಏಕೆ? ಯಾರೋ ಸೋಮಾರಿಗಳು ಇದನ್ನು ತಂದರೆಂದು ಭಾವಿಸಿದರೆ ಅನ್ಯಾಯವಾದೀತು. ಇದಕ್ಕೆ ಬಲವಾದ ಕಾರಣಗಳಿದ್ದುವು. 1935ರಲ್ಲಿ ಇಂಗ್ಲೆಂಡಿನಲ್ಲಿ ಫಿಲಿಪ್ ಹಾರ್ಟಾಗ್ ಮತ್ತು ರೋಡ್ಸ್ ಎಂಬಿಬ್ಬರು ವಿದ್ವಾಂಸರು ಒಂದೇ ಉತ್ತರಪತ್ರಿಕೆಯನ್ನು ಹಲವು ಪರೀಕ್ಷಕರಿಗೆ ಕೊಟ್ಟು ಪರೀಕ್ಷಿಸಿದರು. ಒಬ್ಬೊಬ್ಬರು ಒಂದೊಂದು ಬಗೆಯಾಗಿ ಅಂಕ ಕೊಟ್ಟರು. ಅಷ್ಟೇ ಅಲ್ಲ, ಒಬ್ಬನೇ ಪರೀಕ್ಷಕನು ಅದೇ ಪತ್ರಿಕೆಗೆ ಕೆಲಕಾಲದ ಅನಂತರ ಬೇರೆ ಅಂಕ ಕೊಟ್ಟುದೂ ಉಂಟು. ಅಕ್ಷರ ದುಂಡಾಗಿದ್ದವನಿಗೆ ಎರಡು ಅಂಕ ಹೆಚ್ಚು, ಪರೀಕ್ಷಕನಿಗೆ ತಲೆನೋವಿದ್ದ ದಿನ ಎರಡು ಅಂಕ ಕಡಿಮೆ ಎಂದಾದರೆ ಅದು ನ್ಯಾಯವೆ?

ನಮ್ಮ ದೇಶದಲ್ಲಿ ಈ ವಿಷಯವನ್ನು ಎತ್ತಿ ಹಿಡಿದವರಲ್ಲಿ ಪ್ರಮುಖರು ಡಾ. ಸರ್ವಪಲ್ಲಿ ರಾಧಾಕೃಷ್ಣನ್ನರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು 1931ರಿಂದ 1936ರವರೆಗೆ ಆಂಧ್ರ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. 1926ರಲ್ಲಿ ಬೆಜವಾಡದಲ್ಲಿ ಆರಂಭವಾಗಿ, 1930ರಲ್ಲಿ ವಿಶಾಖಪಟ್ಟಣದ ವಾಲ್ಟೇರಿಗೆ ಬಂದು ನೆಲಸಿದ ವಿದ್ಯಾಸಂಸ್ಥೆ ಅದು. ಮುಂದೆ 1948-49ರಲ್ಲಿ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗದ ಅಧ್ಯಕ್ಷರಾದಾಗ ಅವರ ಆಯೋಗವು, ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕೆಂದರೆ ಪರೀಕ್ಷೆಗಳ ಸುಧಾರಣೆಯನ್ನೇ ಸೂಚಿಸುವೆವೆಂಬ ಅಭಿಪ್ರಾಯಕ್ಕೆ ಬಂದಿತು. 1952-53ರ ಮುದಲಿಯಾರ್ ಆಯೋಗವು ಪ್ರೌಢಶಾಲೆಗಳ ಮಟ್ಟಿಗೂ ಪ್ರಬಂಧರೂಪದ ಪ್ರಶ್ನೆಗಳೊಡನೆ ವಸ್ತುನಿಷ್ಠ ಪ್ರಶ್ನೆಗಳೂ ಬರಬೇಕೆಂದಿತು. ಹೀಗೆ ಉದ್ದನೆಯ ಪ್ರಶ್ನೆಗಳು ಒಡೆದು ಚಿಕ್ಕವಾದುವು. ಚಿಕ್ಕವು ಇನ್ನೂ ಚಿಕ್ಕವಾದುವು. 1980ರ ದಶಕದಲ್ಲಿ ಆಂಧ್ರಪ್ರದೇಶದಲ್ಲಿ ಎಂಸೆಟ್ ಎಂಬ ಪ್ರವೇಶ ಪರೀಕ್ಷೆಯೂ, 1994ರಲ್ಲಿ ನಮ್ಮ ಕರ್ನಾಟಕದಲ್ಲಿ ಸಿ.ಇ.ಟಿ.ಯೂ ಬಂದುವು. ಅಲ್ಲಿ ಉತ್ತರವೆಂದರೆ ಒಂದು ಚಿಕ್ಕ ವೃತ್ತವನ್ನು ಕಪ್ಪು ಮಾಡುವುದು. ಅದನ್ನು ತಿದ್ದುವುದು ಯಂತ್ರ. ಯಂತ್ರಕ್ಕೆ ತಲೆನೋವಿಲ್ಲ, ಅದು ಯಾರ ಮುಖವನ್ನೂ ನೋಡದು.

ಜಾಣತನದಿಂದ ರಚಿಸಿದ ಬಹು ಆಯ್ಕೆಯ ಪ್ರಶ್ನೆಯು ಗಿಣಿಪಾಠದವನನ್ನು ಸುಲಭವಾಗಿ ಹಿಡಿದುಹಾಕಬಲ್ಲುದೆಂಬುದನ್ನೂ ಒಪ್ಪಬೇಕು. ಮೇಲೆಸೆದ ಕಲ್ಲು ಅತ್ಯುನ್ನತ ಸ್ಥಾನವನ್ನು ಮುಟ್ಟಿದ ಕ್ಷಣದಲ್ಲಿ ಅದರ ವೇಗೋತ್ಕರ್ಷವೆಷ್ಟು? ಬಾಯಿಪಾಠದವನು "ಕಲ್ಲು ನಿಂತಿತಲ್ಲ, ಆದುದರಿಂದ ಶೂನ್ಯ" ಎನ್ನುವನು. ತಿಳಿದವನು "ವೇಗ ಶೂನ್ಯ, ವೇಗೋತ್ಕರ್ಷ ಶೂನ್ಯವಲ್ಲ. ಅದೂ ಶೂನ್ಯವಾಗಿದ್ದರೆ ಕಲ್ಲು ಅಲ್ಲಿಯೇ ನಿಂತುಬಿಡುತ್ತಿತ್ತು" ಎನ್ನುವನು. ಎರಡು ಪುಟದ ಪ್ರಬಂಧವು ಮುಚ್ಚಿಡಬಹುದಾದ ಅಜ್ಞಾನವನ್ನು ಇಂತಹ ಒಂದು ಸಾಲಿನ ಪ್ರಶ್ನೆಯು ಬಯಲಿಗೆಳೆಯುವುದು.

ಹಾಗಿದ್ದ ಮೇಲೆ ನನ್ನ ಆಕ್ಷೇಪಣೆಯೇನು? ಚಿಕ್ಕ ಪ್ರಶ್ನೆಗಳು ಇರಲಿ. ಆದರೆ ಅವೇ ಎಲ್ಲವೂ ಆಗಬಾರದು. ಇಂದು ಅವೇ ಎಲ್ಲವೂ ಆಗುತ್ತಿವೆ.

ವಿಜಯವಾಡ, ವಿಶಾಖಪಟ್ಟಣಗಳಲ್ಲಿ ಓದುವ ವಿದ್ಯಾರ್ಥಿಯ ಒಂದು ಬೇಸಗೆಯನ್ನು ನೆನೆಯಿರಿ. ಆಂಧ್ರದ ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ಭೌತಶಾಸ್ತ್ರದ ಪತ್ರಿಕೆಯು ಬಹುಕಾಲ 60 ಅಂಕಗಳದಾಗಿತ್ತು: ಎರಡು ಅಂಕದ ಹತ್ತು ಪ್ರಶ್ನೆ, ನಾಲ್ಕು ಅಂಕದ ಆರು ಪ್ರಶ್ನೆ, ಎಂಟು ಅಂಕದ ಎರಡು ಪ್ರಶ್ನೆ, ಕಾಲ ಮೂರು ಗಂಟೆ. ಅಂದರೆ ಒಂದು ಅಂಕಕ್ಕೆ ಮೂರು ನಿಮಿಷ. ಎಂಟು ಅಂಕದ ದೊಡ್ಡ ಪ್ರಶ್ನೆಗೆ 24 ನಿಮಿಷ. ಅದು ಮುಗಿದ ಕೆಲವೇ ವಾರಗಳಲ್ಲಿ ಅದೇ ವಿದ್ಯಾರ್ಥಿಯು ಪ್ರವೇಶ ಪರೀಕ್ಷೆಗೆ ಕುಳಿತುಕೊಳ್ಳುವನು. ಎಂಸೆಟ್ಟಿನ ಈಗಿನ ಹೆಸರು ಇ.ಎ.ಪಿ.ಸೆಟ್. ಅದರಲ್ಲಿ ಮೂರೇ ಗಂಟೆಗಳಲ್ಲಿ 160 ಪ್ರಶ್ನೆಗಳು. ಅವುಗಳಲ್ಲಿ ಭೌತಶಾಸ್ತ್ರದವು 40. ಭಾಗಿಸಿ ನೋಡಿದರೆ ಒಂದು ಪ್ರಶ್ನೆಗೆ 67 ಸೆಕೆಂಡು ಮತ್ತು ಅರ್ಧ. ವೈದ್ಯಕೀಯಕ್ಕೆ ಹೋಗುವವರ ನೀಟ್ ಪರೀಕ್ಷೆಯಲ್ಲಿ 180 ಪ್ರಶ್ನೆಗಳಿಗೆ 180 ನಿಮಿಷ. ಒಂದು ನಿಮಿಷದಲ್ಲಿ ಪ್ರಶ್ನೆಯನ್ನು ಓದಬೇಕು, ಯೋಚಿಸಬೇಕು, ವೃತ್ತವನ್ನು ತುಂಬಬೇಕು. ಯೋಚನೆಗೆ ಉಳಿಯುವ ಕಾಲವೆಷ್ಟು? ಮೊದಲೇ ಅಂತಹ ನೂರು ಪ್ರಶ್ನೆಗಳನ್ನು ಕಂಡು ಕೈ ಪಳಗಿದವನೇ ಗೆಲ್ಲುವನು. ಆದುದರಿಂದಲೇ ಅಂತಹ ದಪ್ಪ ಪುಸ್ತಕಗಳು, ಆದುದರಿಂದಲೇ ವಸತಿ ಕಾಲೇಜುಗಳು. ಮೊದಲು ಪುಟಗಳು ಬಾಯಿಪಾಠವಾಗುತ್ತಿದ್ದುವು. ಈಗ ಪ್ರಶ್ನೆಗಳೇ ಬಾಯಿಪಾಠವಾಗುತ್ತಿವೆ. ಗಿಣಿಯು ಹೋಗಲಿಲ್ಲ, ಪಂಜರ ಬದಲಾಯಿತು.

ಈ ರೀತಿಯು ಹತ್ತನೆಯ ತರಗತಿಯವರೆಗೂ ಒಮ್ಮೆ ಇಳಿದು ಬಂದುದನ್ನು ನಾವು ಕಂಡಿದ್ದೇವೆ. ಕೊರೋನಾ ಪಿಡುಗಿನ ಕಾಲದಲ್ಲಿ, 2021ರ ಜುಲೈ 19ರಂದು, ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗಳು ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರನ್ನೂ ಒಂದೇ ದಿನ ವೃತ್ತ ತುಂಬುವ ಹಾಳೆಯಲ್ಲಿ ಬರೆದರು. ವಿಜ್ಞಾನಕ್ಕೆ 40 ಪ್ರಶ್ನೆಗಳು. ಆಪತ್ಕಾಲಕ್ಕೆ ಅದು ತಕ್ಕುದೇ ಆಗಿತ್ತು. ಆದರೆ ನಾಲ್ಕು ಉತ್ತರಗಳಿರುವ 40 ಪ್ರಶ್ನೆಗಳಿಗೆ, ಪ್ರಶ್ನೆಯನ್ನೇ ಓದದೆ ಕಣ್ಣು ಮುಚ್ಚಿ ತುಂಬಿದವನಿಗೂ ಸರಾಸರಿ ಹತ್ತು ಸರಿಯಾಗುವುವೆಂಬುದನ್ನು ಮರೆಯಬಾರದು.

ಇನ್ನೊಂದು ನಿದರ್ಶನವನ್ನು ನೋಡಿರಿ. 2024ರ ಮೇ 5ರಂದು ನಡೆದ ನೀಟ್ ಪರೀಕ್ಷೆಯ ಭೌತಶಾಸ್ತ್ರದ ಭಾಗದಲ್ಲಿ ಪರಮಾಣುವಿನ ವಿಷಯವಾಗಿ ಎರಡು ಹೇಳಿಕೆಗಳನ್ನು ಕೊಟ್ಟು ಯಾವುದು ಸರಿಯೆಂದು ಕೇಳಲಾಗಿತ್ತು. ಎರಡನೆಯ ಹೇಳಿಕೆಯ ಅರ್ಥವು ಪ್ರತಿಯೊಂದು ಮೂಲವಸ್ತುವಿನ ಪರಮಾಣುಗಳೂ ಸ್ಥಿರವಾದುವು ಎಂದು. ಹಿಂದಿನ ಪಠ್ಯಪುಸ್ತಕದಲ್ಲಿ ಹಾಗೆಯೇ ಇತ್ತು. ಹೊಸ ಪುಸ್ತಕದಲ್ಲಿ ಅದನ್ನು ಹೆಚ್ಚಿನ ಮೂಲವಸ್ತುಗಳೆಂದು ತಿದ್ದಲಾಗಿತ್ತು. ರೇಡಿಯಂ, ಯುರೇನಿಯಂಗಳ ಪರಮಾಣುಗಳು ತಾವಾಗಿಯೇ ಒಡೆಯುವುವಾದುದರಿಂದ ಹೊಸ ಪುಸ್ತಕವೇ ಸರಿ. ಪರೀಕ್ಷೆ ನಡೆಸಿದವರು ಎರಡು ಉತ್ತರಗಳಿಗೂ ಅಂಕ ಕೊಟ್ಟರು. ವಿಷಯವು ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಜುಲೈ ತಿಂಗಳಲ್ಲಿ ನ್ಯಾಯಾಲಯವು ದೆಹಲಿಯ ಐ.ಐ.ಟಿ.ಯ ತಜ್ಞರನ್ನು ಕೇಳಿತು. ಒಂದೇ ಉತ್ತರ ಸರಿಯೆಂದು ತಜ್ಞರು ಹೇಳಿದರು. ಹಳೆಯ ಪುಸ್ತಕವನ್ನು ನಂಬಿದ ನಾಲ್ಕು ಲಕ್ಷಕ್ಕಿಂತ ಹೆಚ್ಚು ಮಕ್ಕಳ ಅಂಕಗಳು ಕುಗ್ಗಿದುವು.

ಇಲ್ಲಿ ಯೋಚಿಸಬೇಕಾದ ಮಾತೊಂದುಂಟು. ಆ ಪ್ರಶ್ನೆಯ ಕೆಳಗೆ "ಕಾರಣ ಬರೆ" ಎಂದು ಎರಡು ಸಾಲು ಜಾಗವಿದ್ದಿದ್ದರೆ? ತಿಳಿದವನು ರೇಡಿಯಂ ಹೆಸರನ್ನು ಬರೆಯುತ್ತಿದ್ದನು. ಪುಸ್ತಕವನ್ನು ನಂಬಿದವನು ಅದನ್ನಾದರೂ ಹೇಳುತ್ತಿದ್ದನು. ಊಹಿಸಿದವನ ಜಾಗ ಖಾಲಿ ಉಳಿಯುತ್ತಿತ್ತು. ಮೂವರೂ ಬೇರೆಬೇರೆ ಮನುಷ್ಯರು. ವೃತ್ತದ ಕಪ್ಪಿನಲ್ಲಿ ಅವರ ಭೇದ ಕಾಣುವುದಿಲ್ಲ. ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ಮಂದಿ ಬರೆಯುವ ಪರೀಕ್ಷೆಯಲ್ಲಿ ಕಾರಣಗಳನ್ನು ಓದಿ ತಿದ್ದುವುದು ಅಸಾಧ್ಯವೆನ್ನುವರು. ನಿಜ, ಒಪ್ಪಿದೆನು. ಆದರೆ ನಮ್ಮ ಶಾಲೆಯ ತರಗತಿಯಲ್ಲಿ ಇಪ್ಪತ್ತು ಲಕ್ಷ ಮಂದಿಯಿಲ್ಲ!

ನಮಗೆ ಸಮೀಪದಲ್ಲಿಯೇ ಇನ್ನೊಂದು ದಾರಿ ತೋರಿದವರುಂಟು. ರಾಯದುರ್ಗವು 1953ರವರೆಗೆ ನಮ್ಮ ಬಳ್ಳಾರಿ ಜಿಲ್ಲೆಯದೇ ಆಗಿತ್ತು. ಅಲ್ಲಿಯೂ ಮಡಕಶಿರಾದ ಕಡೆಯೂ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳು ಆಂಧ್ರದ ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯುತ್ತ ಬಂದಿರುವರು. 2014ರ ಸುಮಾರಿಗೆ ಬಂದ ಅಲ್ಲಿನ ಪಠ್ಯಪುಸ್ತಕಗಳಲ್ಲಿ ಕಲಿಕೆಯ ಗುರಿಗಳನ್ನು ಪಟ್ಟಿಮಾಡಿದಾಗ, ಪ್ರಶ್ನೆ ಕೇಳುವುದು ಮತ್ತು ಊಹೆ ಕಟ್ಟುವುದು ಎಂಬುದನ್ನೂ ಒಂದು ಗುರಿಯಾಗಿ ಸೇರಿಸಿದರು. ಪರೀಕ್ಷೆಯ ಪತ್ರಿಕೆಯಲ್ಲಿಯೂ, ಈ ವಿಷಯವನ್ನು ತಿಳಿಯಲು ನಿನ್ನ ಉಪಾಧ್ಯಾಯರನ್ನು ಯಾವ ಪ್ರಶ್ನೆ ಕೇಳುವೆ ಎಂಬ ಬಗೆಯ ಪ್ರಶ್ನೆಗಳು ಬಂದುವು. ಎಂತಹ ಸೊಗಸಾದ ಯೋಚನೆ! ಇದಕ್ಕೂ ಸಿದ್ಧ ಪ್ರಶ್ನೆಗಳ ಗೈಡು ಹುಟ್ಟಿಕೊಳ್ಳುವ ಅಪಾಯ ಉಂಟೆಂಬುದು ನನಗೆ ಗೊತ್ತಿಲ್ಲದೆ ಇಲ್ಲ. ಆದರೂ ವಿದ್ಯಾರ್ಥಿಯು ಉತ್ತರಿಸುವವನು ಮಾತ್ರವಲ್ಲ, ಕೇಳುವವನೂ ಹೌದೆಂದು ಒಂದು ಪ್ರಶ್ನಪತ್ರಿಕೆಯು ಒಪ್ಪಿಕೊಂಡಿತಲ್ಲ, ಅದು ಸಣ್ಣ ಮಾತಲ್ಲ.

ವಿಶಾಖಪಟ್ಟಣದ ಆ ಬಾಲಕನನ್ನೇ ಮತ್ತೆ ನೆನೆಯೋಣ. ಮೆಟ್ರಿಕ್ಯುಲೇಷನ್ ಪತ್ರಿಕೆಯ ಪ್ರಶ್ನೆಗಳಿಗೆಲ್ಲ ಉತ್ತರಿಸಿ ತೇರ್ಗಡೆಯಾದುದರಿಂದ ಅವರು ರಾಮನ್ ಆಗಲಿಲ್ಲ. 1921ರಲ್ಲಿ ಇಂಗ್ಲೆಂಡಿಗೆ ಹೋಗಿ ಹಡಗಿನಲ್ಲಿ ಹಿಂತಿರುಗುತ್ತಿದ್ದಾಗ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು ಬೆರಗಾದರು. ಆಳವಾದ ಕಡಲಿನ ನೀಲಿಯು ಆಕಾಶದ ಪ್ರತಿಬಿಂಬವೇ ಹೊರತು ಬೇರೇನಲ್ಲವೆಂದು ರ‍್ಯಾಲೆ ಎಂಬ ಮಹಾವಿಜ್ಞಾನಿಯು ಹೇಳಿದ್ದನು. ಅದು ಆ ಕಾಲದ ಸರಿಯುತ್ತರ. ರಾಮನ್ನರು "ಹೌದೆ? ಹೇಗೆ ಗೊತ್ತು?" ಎಂದು ತಮ್ಮನ್ನು ತಾವೇ ಕೇಳಿಕೊಂಡರು. ಪ್ರತಿಫಲಿಸಿ ಬರುವ ಬೆಳಕನ್ನು ತಡೆಯಬಲ್ಲ ನಿಕಲ್ ಪಟ್ಟಕವೊಂದು ಅವರ ಬಳಿ ಇತ್ತು. ಅದರ ಮೂಲಕ ನೋಡಿದರು. ಆಕಾಶದ ಪ್ರತಿಬಿಂಬ ಮರೆಯಾದರೂ ಸಮುದ್ರದ ನೀಲಿ ಉಳಿಯಿತು. ನೀರೇ ಬೆಳಕನ್ನು ಚದರಿಸುವುದೆಂದು ಅವರು ಅರಿತರು. ಅಲ್ಲಿಂದ ಹೊರಟ ದಾರಿಯು 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮಕ್ಕೆ ತಲುಪಿತು. ಆ ದಿನವನ್ನೇ ನಾವು ಪ್ರತಿವರ್ಷ ರಾಷ್ಟ್ರೀಯ ವಿಜ್ಞಾನ ದಿನವೆಂದು ಆಚರಿಸುವೆವು.

ಆದುದರಿಂದ ನನ್ನ ಸೂಚನೆ ಇಷ್ಟೆ. ಪ್ರವೇಶ ಪರೀಕ್ಷೆಗಳನ್ನು ನಾವು ಬದಲಾಯಿಸಲಾರೆವು. ಅವುಗಳಿಗೆ ಸಿದ್ಧರಾಗಲೇಬೇಕು, ವೃತ್ತ ತುಂಬುವುದನ್ನೂ ಕಲಿಯಲೇಬೇಕು. ಆದರೆ ನಮ್ಮ ಶಾಲೆಯ ಪ್ರತಿಯೊಂದು ಕಿರುಪರೀಕ್ಷೆಯಲ್ಲಿಯೂ ಬಹು ಆಯ್ಕೆಯ ಒಂದು ಪ್ರಶ್ನೆಯ ಕೆಳಗೆ "ಹೇಗೆ ಬಲ್ಲೆ?" ಎಂದು ಕೇಳಿ ಮೂರು ಸಾಲು ಜಾಗ ಬಿಡೋಣ. ಆಯ್ಕೆಗೆ ಒಂದು ಅಂಕ; ಕಾರಣಕ್ಕೆ ಎರಡು. ತಿಂಗಳಿಗೊಮ್ಮೆ ವಿದ್ಯಾರ್ಥಿಗಳೇ ಒಂದೊಂದು ಪ್ರಶ್ನೆಯನ್ನು ರಚಿಸಿ ತರಲಿ. ಪುಸ್ತಕದಲ್ಲಿ ವರ್ಣಿತವಾದ ಉಪಕರಣವು ಪ್ರಯೋಗಶಾಲೆಯಲ್ಲಿದ್ದರೆ, ಬರೆಯುವ ಮೊದಲು ಅದನ್ನು ಮುಟ್ಟಿ ನೋಡಲಿ. ನಮ್ಮ ತಾಯ್ನುಡಿಯಲ್ಲಿ ಓದುವ ನಿಮಗೆ ಇದರಲ್ಲಿ ಒಂದು ವಿಶೇಷ ಅನುಕೂಲವುಂಟು. ಕಾರಣವನ್ನು ಹೇಳಲು ಬೇಕಾದ ಮಾತುಗಳು ನಿಮ್ಮ ಬಾಯಲ್ಲಿ ಆಗಲೇ ಇವೆ. ಅವುಗಳನ್ನು ಬಳಸದಿದ್ದರೆ ಮಾತ್ರ ಕೆಲಕಾಲಕ್ಕೆ ಕನ್ನಡದಲ್ಲಿ ಭೌತಶಾಸ್ತ್ರವನ್ನು ಮಾತನಾಡಬಲ್ಲವರೇ ಇಲ್ಲದಂತಾದೀತು. ವೃತ್ತವನ್ನು ಕಪ್ಪು ಮಾಡಲು ಯಾವ ಭಾಷೆಯೂ ಬೇಡವಲ್ಲ!

ಆ ಹುಡುಗನಿಗೆ ನಾನು ಹೋಗೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅದು ಅವನೂ ಅವನ ತಂದೆತಾಯಿಗಳೂ ನಿರ್ಧರಿಸಬೇಕಾದ ವಿಷಯ. "ಎಲ್ಲಿಯಾದರೂ ಓದು, ಹತ್ತು ಪ್ರಶ್ನೆಗಳಿಗೆ ಗುರುತು ಹಾಕಿದರೆ ಒಂದಕ್ಕಾದರೂ ಕಾರಣವನ್ನು ಬಾಯಿಬಿಟ್ಟು ಹೇಳಿಕೊ" ಎಂದಷ್ಟೆ ಹೇಳಿ ಕಳುಹಿಸಿದೆನು. ಅವನು ಜೂನ್ ತಿಂಗಳಲ್ಲಿ ವಿಜಯವಾಡಕ್ಕೆ ಹೋದನು.

ದಸರೆಯ ರಜೆಯಲ್ಲಿ ಬಂದಿದ್ದನು. ಸ್ವಲ್ಪ ಸೊರಗಿದ್ದನು. ಓದಿನ ಹೊರೆಯನ್ನು ಕುರಿತು ಹೆಚ್ಚೇನೂ ಮಾತನಾಡಲಿಲ್ಲ. ಹೊರಡುವಾಗ ಮೆಟ್ಟಿಲ ಬಳಿ ನಿಂತು, "ಸಾರ್, ಆ ಕಲ್ಲಿನ ಲೆಕ್ಕದಲ್ಲಿ ನಾವು ಗಾಳಿಯನ್ನು ಬಿಟ್ಟಿದ್ದೆವಲ್ಲ? ಗಾಳಿಯ ತಡೆಯನ್ನು ಸೇರಿಸಿದರೆ, ಕಲ್ಲು ಮೇಲೇರಲು ಹಿಡಿಯುವ ಕಾಲವೂ ಕೆಳಗಿಳಿಯಲು ಹಿಡಿಯುವ ಕಾಲವೂ ಸಮವಾಗಿರುತ್ತವೆಯೆ? ಆ ದಪ್ಪ ಪುಸ್ತಕದಲ್ಲಿ ಹುಡುಕಿದೆ, ಸಿಗಲಿಲ್ಲ" ಎಂದನು.

ನಾವಿಬ್ಬರೂ ಮತ್ತೆ ಒಳಗೆ ಬಂದು ಅರ್ಧ ಗಂಟೆ ಕುಳಿತೆವು. ಉತ್ತರ ದೊರೆಯಿತು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಂದು ಸುಳಿವನ್ನು ಮಾತ್ರ ಕೊಡುವೆನು: ಒಂದೇ ಎತ್ತರದಲ್ಲಿ, ಏರುವಾಗಿನ ವೇಗ ಹೆಚ್ಚೋ ಇಳಿಯುವಾಗಿನ ವೇಗ ಹೆಚ್ಚೋ ಎಂದು ಯೋಚಿಸಿರಿ. ಉತ್ತರವನ್ನು ಕಾರಣಸಹಿತವಾಗಿ, ನಿಮ್ಮದೇ ಕನ್ನಡದಲ್ಲಿ ಬರೆದು ತಂದು ತೋರಿಸಿದರೆ ಸಂತೋಷಪಡುವೆನು.